ಅಚ್ಚಿನ ಲೇಪ: ಮರಳೆರಕದಲ್ಲಿ ಒಂದು ತೆಳುಪದರದ ವಿಚಾರ

೧. ಪೀಠಿಕೆ

ಲೋಹವಿದ್ಯೆಯ ಚರಿತ್ರೆಯನ್ನು ಬರೆಯುವವರು ಅದಿರು, ಕುಲುಮೆ, ಲೋಹದ ಬೆರಕೆ, ಸಿದ್ಧವಾದ ವಸ್ತು ಎಂಬ ನಾಲ್ಕು ವಿಷಯಗಳನ್ನು ಕುರಿತು ವಿಸ್ತಾರವಾಗಿ ಹೇಳುವುದು ವಾಡಿಕೆ. ಕರಗಿದ ಲೋಹವನ್ನು ತನ್ನೊಳಗೆ ತಾಳಿಕೊಂಡು ಅದಕ್ಕೆ ರೂಪವನ್ನು ಕೊಡುವ ಅಚ್ಚನ್ನು ಕುರಿತು ಅಷ್ಟು ವಿಸ್ತಾರವಾದ ವಿವೇಚನೆ ನಡೆದಿಲ್ಲ. ಆ ಅಚ್ಚಿನ ಒಳಮೈಗೆ ಬಳಿಯುವ ಲೇಪದ ಮಾತಂತೂ ಬಹಳ ಅಪೂರ್ವ. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಲೋಹ ಉಳಿಯುತ್ತದೆ, ಕುಲುಮೆಯ ಕಿಟ್ಟವೂ ನೆಲದಲ್ಲಿ ಉಳಿಯುತ್ತದೆ. ಅಚ್ಚಾದರೋ ವಸ್ತುವನ್ನು ಹೊರತೆಗೆಯುವಾಗಲೇ ಒಡೆದುಹೋಗುತ್ತದೆ. ಲೇಪವು ಸುಟ್ಟು ಪುಡಿಯಾಗಿ ಮರಳಿನೊಡನೆ ಬೆರೆತು ಕಣ್ಮರೆಯಾಗುತ್ತದೆ. ಉಳಿಯದ ವಸ್ತುವಿಗೆ ಸಾಕ್ಷ್ಯ ದೊರೆಯುವುದು ದುರ್ಲಭ.

ಆದರೂ ಎರಕದ ಮೈ ನಯವಾಗಿದೆಯೋ ಒರಟಾಗಿದೆಯೋ ಎಂಬುದನ್ನು ಬಹುಮಟ್ಟಿಗೆ ನಿರ್ಣಯಿಸುವುದು ಈ ಕಣ್ಮರೆಯಾಗುವ ಪದರವೇ. ಅಷ್ಟೇ ಅಲ್ಲ, ಎರಕವಾದ ಮೇಲೆ ಅದನ್ನು ಉಳಿಯಿಂದ ಕೆತ್ತಿ, ಉಜ್ಜಿ ಶುಚಿಮಾಡುವ ಕೆಲಸಗಾರನ ಪಾಲಿಗೆ ಎಷ್ಟು ಶ್ರಮ ಬೀಳುತ್ತದೆ, ಅವನು ಎಷ್ಟು ಧೂಳನ್ನು ನುಂಗಬೇಕಾಗುತ್ತದೆ ಎಂಬುದೂ ಇದನ್ನೇ ಅವಲಂಬಿಸಿದೆ. ಪ್ರಸ್ತುತ ಲೇಖನದಲ್ಲಿ ನಾವು ಮೊದಲು ಮರಳಚ್ಚಿಗೆ ಲೇಪವೇಕೆ ಬೇಕೆಂಬುದನ್ನೂ, ಬಳಿಕ ಅದರ ಘಟಕಗಳನ್ನೂ, ಅದರ ಚರಿತ್ರೆಯಲ್ಲಿ ನಮಗೆ ದೊರೆಯುವ ಕೆಲವು ಸಾಕ್ಷ್ಯಗಳನ್ನೂ, ಕೊನೆಗೆ ಅದನ್ನು ಬಳಸುವ ಕ್ರಮವನ್ನೂ ಮಿತಿಯನ್ನೂ ವಿವರಿಸಲು ಉದ್ದೇಶಿಸಿದ್ದೇವೆ. ಚರಿತ್ರೆಯ ವಿಭಾಗದ ವಾರ್ಷಿಕ ಪತ್ರಿಕೆಯಲ್ಲಿ ಕಾರ್ಖಾನೆಯ ವಿಷಯವೇಕೆ ಎಂದು ಕೆಲವು ವಾಚಕರಿಗೆ ಅನಿಸಬಹುದು. ಒಂದು ವಸ್ತುವನ್ನು ಮಾಡಿದ ಬಗೆ ತಿಳಿಯದೆ ಆ ವಸ್ತುವನ್ನು ಸಾಕ್ಷ್ಯವಾಗಿ ಓದುವುದು ಸಾಧ್ಯವಿಲ್ಲವೆಂಬುದೇ ಇದಕ್ಕೆ ನಮ್ಮ ಸಮಾಧಾನ.

೨. ಮರಳಚ್ಚು ಮತ್ತು ಅದರ ದೋಷಗಳು

ಮರಳೆರಕದ ಕ್ರಮ ಸ್ಥೂಲವಾಗಿ ಹೀಗಿದೆ. ಬೇಕಾದ ವಸ್ತುವಿನ ಆಕಾರದಲ್ಲಿ ಮರದಿಂದಲೋ ಲೋಹದಿಂದಲೋ ಒಂದು ಮಾದರಿಯನ್ನು ಮಾಡಿಕೊಳ್ಳುತ್ತಾರೆ. ಎರಡು ಭಾಗಗಳುಳ್ಳ ಪೆಟ್ಟಿಗೆಯೊಳಗೆ ಅದನ್ನಿಟ್ಟು, ಜೇಡಿಮಣ್ಣು ಮತ್ತು ಸ್ವಲ್ಪ ನೀರು ಬೆರೆತ ಮರಳನ್ನು ಅದರ ಸುತ್ತ ತುಂಬಿ ಗಟ್ಟಿಯಾಗಿ ಬಡಿಯುತ್ತಾರೆ. ಅನಂತರ ಪೆಟ್ಟಿಗೆಯ ಭಾಗಗಳನ್ನು ಬಿಡಿಸಿ ಮಾದರಿಯನ್ನು ತೆಗೆದರೆ ಅದರ ಆಕಾರದ ಪೊಳ್ಳು ಮರಳಿನಲ್ಲಿ ಉಳಿಯುತ್ತದೆ. ವಸ್ತುವಿನ ಒಳಗೆ ಟೊಳ್ಳು ಬೇಕಾದ ಕಡೆ ಬೇರೆಯಾಗಿ ಮಾಡಿದ ಮರಳಿನ ಗಟ್ಟಿಯೊಂದನ್ನು ಇಡುತ್ತಾರೆ. ಇದಕ್ಕೆ ಫೌಂಡ್ರಿಗಳಲ್ಲಿ ಕೋರ್ ಎಂದು ಹೆಸರು. ಪೆಟ್ಟಿಗೆಯನ್ನು ಮತ್ತೆ ಮುಚ್ಚಿ, ಬಿಟ್ಟಿರುವ ದಾರಿಯಿಂದ ಕರಗಿದ ಲೋಹವನ್ನು ಹೊಯ್ದರೆ ಅದು ಪೊಳ್ಳನ್ನು ತುಂಬಿ ಗಟ್ಟಿಯಾಗುತ್ತದೆ.

ಮರಳು ಈ ಕೆಲಸಕ್ಕೆ ಒದಗಿದುದು ಅದರ ಎರಡು ಗುಣಗಳಿಂದ. ಅದು ಬೆಂಕಿಗೆ ಬಹಳಮಟ್ಟಿಗೆ ಜಗ್ಗುವುದಿಲ್ಲ. ಅದರ ಕಣಗಳ ನಡುವಣ ಸಂದುಗಳಿಂದ ಗಾಳಿ ಮತ್ತು ಹಬೆ ಹೊರಕ್ಕೆ ಹೋಗುತ್ತವೆ. ಆದರೆ ಯಾವ ಸಂದಿನಿಂದ ಹಬೆ ಹೊರಹೋಗುತ್ತದೆಯೋ ಅದೇ ಸಂದಿನೊಳಕ್ಕೆ ಲೋಹವೂ ನುಗ್ಗಬಹುದು. ಮರಳಿನ ಗುಣವೇ ಅದರ ದೋಷವೂ ಆಗಿದೆ.

ಈ ದೋಷಗಳನ್ನು ನಾಲ್ಕಾಗಿ ವಿಂಗಡಿಸಬಹುದು. ಮೊದಲನೆಯದು ಲೋಹದ ಒಳನುಗ್ಗುವಿಕೆ. ದ್ರವರೂಪದ ಕಬ್ಬಿಣ ನೀರಿಗಿಂತ ಸುಮಾರು ಏಳುಪಟ್ಟು ಭಾರವಾದುದು. ಅಚ್ಚಿನಲ್ಲಿ ಒಂದು ಅಡಿ ಎತ್ತರ ನಿಂತ ಕಬ್ಬಿಣವು ತಳದ ಮರಳಿನ ಮೇಲೆ ಏಳು ಅಡಿ ನೀರಿನಷ್ಟು ಒತ್ತಡವನ್ನು ಹೇರುತ್ತದೆ. ಮರಳು ದಪ್ಪವಾಗಿದ್ದರೆ, ಅಥವಾ ಸಡಿಲವಾಗಿ ಬಡಿದಿದ್ದರೆ, ಲೋಹವು ಕಣಗಳ ನಡುವೆ ಇಳಿದು ಅವನ್ನು ತನ್ನೊಳಗೆ ಹಿಡಿದುಕೊಂಡು ಗಟ್ಟಿಯಾಗುತ್ತದೆ. ಎರಡನೆಯದು ರಾಸಾಯನಿಕವಾದ ಅಂಟುವಿಕೆ. ಕಬ್ಬಿಣದ ಮೇಲ್ಮೈ ಗಾಳಿಯ ಸಂಪರ್ಕದಿಂದ ಆಕ್ಸೈಡಾದರೆ, ಆ ಆಕ್ಸೈಡು ಮರಳಿನ ಸಿಲಿಕದೊಡನೆ ಕೂಡಿ ಫಯಲೈಟ್ ಎಂಬ ಸಂಯುಕ್ತವಾಗುತ್ತದೆ. ಶುದ್ಧ ಸಿಲಿಕ ಕರಗಲು ೧೭೦೦ ಡಿಗ್ರಿ ಸೆಲ್ಸಿಯಸ್ಸಿಗೂ ಹೆಚ್ಚಿನ ಶಾಖ ಬೇಕು. ಫಯಲೈಟ್ ಸುಮಾರು ೧೨೦೫ ಡಿಗ್ರಿಯಲ್ಲೇ ಕರಗುತ್ತದೆ. ಎಂದರೆ ಬೀಡು ಕಬ್ಬಿಣವನ್ನು ಹೊಯ್ಯುವ ಶಾಖದಲ್ಲೇ ಅದು ಗಾಜಿನಂತೆ ಕರಗಿ, ಮರಳನ್ನು ಎರಕದ ಮೈಗೆ ಬೆಸೆದುಬಿಡುತ್ತದೆ.

ಮೂರನೆಯದು ಸವೆತ. ವೇಗವಾಗಿ ಹರಿದುಬರುವ ಲೋಹ ಅಚ್ಚಿನ ಮೂಲೆಗಳಿಂದ ಮರಳಿನ ಕಣಗಳನ್ನು ಕೊಚ್ಚಿಕೊಂಡುಹೋಗಿ ಬೇರೊಂದೆಡೆ ಸೇರಿಸುತ್ತದೆ. ಯಂತ್ರದ ಮೇಲೆ ಕಡೆಯುವಾಗ ಉಪಕರಣದ ಅಲಗನ್ನು ಮುರಿಯುವ ಗಡಸು ಚುಕ್ಕೆಗಳು ಎಷ್ಟೋ ವೇಳೆ ಹೀಗೆ ಸೇರಿದ ಮರಳೇ ಆಗಿರುತ್ತವೆ. ನಾಲ್ಕನೆಯದು ಮರಳಿನ ಹಿಗ್ಗುವಿಕೆ. ಮರಳಿನ ಮುಖ್ಯ ಖನಿಜವಾದ ಕ್ವಾರ್ಟ್ಜ್ ೫೭೩ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ತನ್ನ ಹರಳಿನ ರಚನೆಯನ್ನು ಬದಲಿಸಿ ಥಟ್ಟನೆ ಹಿಗ್ಗುತ್ತದೆ. ಲೋಹಕ್ಕೆ ತಾಗಿದ ಪದರ ಹಿಗ್ಗಿ, ಹಿಂದಿನ ತಣ್ಣನೆಯ ಮರಳು ಹಾಗೆಯೇ ಇದ್ದರೆ, ಮುಂದಿನ ಪದರ ಬಿರಿದು ಏಳುತ್ತದೆ. ಆ ಬಿರುಕಿನಲ್ಲಿ ಲೋಹ ಸೇರಿ ಎರಕದ ಮೈಮೇಲೆ ನರಗಳಂತಹ ಗೆರೆಗಳನ್ನೂ ಹಕ್ಕಳೆಗಳನ್ನೂ ಉಂಟುಮಾಡುತ್ತದೆ.

ಅಚ್ಚಿನ ಒಳಮೈಗೆ ನುಣ್ಣನೆಯ, ಬೆಂಕಿಗೆ ಜಗ್ಗದ, ಲೋಹಕ್ಕೆ ಅಂಟದ ಪದರವೊಂದನ್ನು ಬಳಿದರೆ ಮೊದಲಿನ ಮೂರು ದೋಷಗಳು ಬಹುಮಟ್ಟಿಗೆ ಇಲ್ಲವಾಗುತ್ತವೆ. ನಾಲ್ಕನೆಯದು ಪೂರ್ತಿಯಾಗಿ ಹೋಗದಿದ್ದರೂ ಕಡಿಮೆಯಾಗುತ್ತದೆ. ಇದೇ ಅಚ್ಚಿನ ಲೇಪ. ಇಂದಿನ ಫೌಂಡ್ರಿಗಳಲ್ಲಿ ಇದನ್ನು ಮೋಲ್ಡ್ ವಾಶ್ ಎನ್ನುತ್ತಾರೆ. ಇದರ ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರನ್ನು ಮೀರುವುದಿಲ್ಲ.

೩. ಲೇಪದ ಘಟಕಗಳು

ಯಾವ ಲೇಪವನ್ನೇ ತೆಗೆದುಕೊಂಡರೂ ಅದರಲ್ಲಿ ನಾಲ್ಕು ಬಗೆಯ ಪದಾರ್ಥಗಳನ್ನು ಗುರುತಿಸಬಹುದು: ಶಾಖವನ್ನು ತಡೆಯುವ ನುಣ್ಣನೆಯ ಪುಡಿ, ಅದನ್ನು ಹೊತ್ತುತರುವ ದ್ರವ, ಪುಡಿಯು ತಳಕ್ಕಿಳಿಯದಂತೆ ತಡೆಯುವ ವಸ್ತು, ಒಣಗಿದ ಮೇಲೆ ಪುಡಿಯನ್ನು ಮರಳಿಗೆ ಹಿಡಿಸುವ ಅಂಟು.

ಇವುಗಳಲ್ಲಿ ಪುಡಿಯೇ ಪ್ರಧಾನ. ಬೀಡು ಕಬ್ಬಿಣಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವುದು ಗ್ರಾಫೈಟ್, ಇದ್ದಿಲು, ಕೋಕ್ ಮುಂತಾದ ಇಂಗಾಲದ ರೂಪಗಳು. ಇಂಗಾಲವು ಎರಡು ವಿಧದಲ್ಲಿ ನೆರವಾಗುತ್ತದೆ. ಅದು ದ್ರವಲೋಹ ಮರಳನ್ನು ಮುಟ್ಟದಂತೆ ನಡುವೆ ನಿಲ್ಲುತ್ತದೆ. ಮತ್ತು ಅಚ್ಚಿನಲ್ಲಿರುವ ಆಮ್ಲಜನಕವನ್ನು ತಾನು ಕಬಳಿಸಿ, ಕಬ್ಬಿಣದ ಮೈ ಆಕ್ಸೈಡಾಗದಂತೆ ಕಾಯುತ್ತದೆ. ಮೇಲೆ ಹೇಳಿದ ಫಯಲೈಟ್ ಹುಟ್ಟುವುದಕ್ಕೆ ಆಸ್ಪದವೇ ಇರುವುದಿಲ್ಲ.

ಉಕ್ಕಿನ ವಿಷಯ ಬೇರೆ. ಉಕ್ಕನ್ನು ಹೊಯ್ಯುವುದು ೧೬೦೦ ಡಿಗ್ರಿಯ ಆಸುಪಾಸಿನಲ್ಲಿ. ಇಂಗಾಲದ ಅಂಶ ಕಡಿಮೆಯಿರುವ ಉಕ್ಕು ಲೇಪದಲ್ಲಿರುವ ಇಂಗಾಲವನ್ನು ಹೀರಿಕೊಂಡು ತನ್ನ ಗುಣವನ್ನೇ ಕಳೆದುಕೊಳ್ಳಬಹುದು. ಆದುದರಿಂದ ಉಕ್ಕಿನ ಎರಕಕ್ಕೆ ಜಿರ್ಕಾನ್ ಪುಡಿಯನ್ನು ವಿಶೇಷವಾಗಿ ಬಳಸುತ್ತಾರೆ. ಅದು ಬಿಸಿಗೆ ಅಲ್ಪವಾಗಿ ಮಾತ್ರ ಹಿಗ್ಗುತ್ತದೆ. ದ್ರವಲೋಹಕ್ಕೆ ಸುಲಭವಾಗಿ ತೇವಗೊಳ್ಳುವುದಿಲ್ಲ. ಮ್ಯಾಂಗನೀಸ್ ಅಧಿಕವಾಗಿರುವ ಉಕ್ಕು ಸಿಲಿಕದೊಡನೆ ತೀವ್ರವಾಗಿ ವರ್ತಿಸುವುದರಿಂದ, ಅದಕ್ಕೆ ಮ್ಯಾಗ್ನೆಸೈಟಿನಂತಹ ಪ್ರತ್ಯಾಮ್ಲ ಗುಣದ ಪುಡಿ ಬೇಕು. ಅಲ್ಯುಮಿನಿಯಂ ಸುಮಾರು ೭೦೦ ಡಿಗ್ರಿಯಲ್ಲಿ ಹೊಯ್ಯಲ್ಪಡುವುದರಿಂದ ಮರಳು ನಯವಾಗಿದ್ದರೆ ಎಷ್ಟೋ ವೇಳೆ ಲೇಪವೇ ಬೇಕಾಗುವುದಿಲ್ಲ. ಕಂಚು ಇದಕ್ಕಿಂತ ಹೆಚ್ಚಿನ ಶಾಖದ್ದು. ಅದರಲ್ಲೂ ರಂಜಕ ಸೇರಿದ ಕಂಚು ಬಹಳ ತೆಳುವಾಗಿ ಹರಿದು ಸಂದುಗಳಿಗೆ ನುಗ್ಗುವ ಸ್ವಭಾವದ್ದಾದುದರಿಂದ ಲೇಪದ ಅಗತ್ಯ ಹೆಚ್ಚು.

ದ್ರವವು ನೀರಾಗಿರಬಹುದು, ಸ್ಪಿರಿಟ್ ಆಗಿರಬಹುದು. ನೀರು ಅಗ್ಗ ಮತ್ತು ನಿರಪಾಯಕರ, ಆದರೆ ಅದನ್ನು ಒಣಗಿಸಲು ಒಲೆಯೋ ಜ್ವಾಲೆಯೋ ಬೇಕು, ಕಾಲವೂ ಬೇಕು. ಸ್ಪಿರಿಟ್ಟಿನ ಲೇಪಕ್ಕೆ ಬೆಂಕಿ ತಗುಲಿಸಿದರೆ ಕೆಲವು ನಿಮಿಷಗಳಲ್ಲಿ ಉರಿದು ಒಣಗುತ್ತದೆ. ಅಪಾಯವೂ ವೆಚ್ಚವೂ ಹೆಚ್ಚು. ಪುಡಿಯನ್ನು ತೇಲಿಸಿಡಲು ಬೆಂಟೊನೈಟ್ ಎಂಬ ಉಬ್ಬುವ ಜೇಡಿಮಣ್ಣೂ, ಅಂಟಾಗಿ ಡೆಕ್ಸ್‌ಟ್ರಿನ್, ಕಾಕಂಬಿ, ರಾಳ ಮುಂತಾದುವೂ ಒದಗುತ್ತವೆ. ಸಕ್ಕರೆ ಕಾರ್ಖಾನೆಯ ಕಾಕಂಬಿ ಕಬ್ಬಿಣದ ಎರಕಕ್ಕೆ ಅಂಟಾಗುವುದೆಂಬುದು ಹೊಸಬರಿಗೆ ವಿಚಿತ್ರವಾಗಿ ತೋರಬಹುದು. ಎರಕದವರಿಗೆ ಅದು ನಿತ್ಯದ ಸಂಗತಿ.

೪. ಚರಿತ್ರೆಯ ಮೂರು ಸಾಕ್ಷ್ಯಗಳು

ಅಚ್ಚಿನ ಒಡಲು ಬೇರೆ, ಅದರ ಒಳಮೈ ಬೇರೆ ಎಂಬ ತಿಳಿವು ಬಹಳ ಪುರಾತನವಾದುದು. ಈ ತಿಳಿವಿಗೆ ಲಿಖಿತ ಸಾಕ್ಷ್ಯವನ್ನು ಹುಡುಕುವಾಗ ನಮ್ಮ ನಾಡಿಗೇ ಸೇರಿದ ಗ್ರಂಥವೊಂದು ಮೊದಲು ಎದುರಾಗುತ್ತದೆ. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದ ಕಾಲ ಕ್ರಿ.ಶ. ೧೧೨೯ರ ಸುಮಾರು. ಅದರಲ್ಲಿ ಲೋಹದ ವಿಗ್ರಹವನ್ನು ಎರೆಯುವ ಕ್ರಮ ಹೇಳಿದೆ. ಅದು ಮರಳೆರಕವಲ್ಲ, ಮೇಣದ ಪ್ರತಿಮೆಗೆ ಮಣ್ಣನ್ನು ಮೆತ್ತಿ, ಮೇಣವನ್ನು ಕರಗಿಸಿ ಹೊರತೆಗೆದು, ಆ ಪೊಳ್ಳಿನಲ್ಲಿ ಲೋಹವನ್ನು ಹೊಯ್ಯುವ ವಿಧಾನ. ಆದರೂ ನಮ್ಮ ವಿಷಯಕ್ಕೆ ಅತ್ಯಂತ ಪ್ರಸ್ತುತವಾದ ಅಂಶವೊಂದು ಅಲ್ಲಿದೆ. ಮಣ್ಣನ್ನು ಒಮ್ಮೆಗೇ ದಪ್ಪವಾಗಿ ಮೆತ್ತಬಾರದು. ಸುಟ್ಟ ಹೊಟ್ಟು, ಸಣ್ಣಗೆ ಕತ್ತರಿಸಿದ ಹತ್ತಿ, ಸ್ವಲ್ಪ ಉಪ್ಪು ಇವನ್ನು ಮಣ್ಣಿನೊಡನೆ ಬೆರೆಸಿ ಕಲ್ಲಿನ ಮೇಲೆ ನುಣ್ಣಗೆ ಅರೆಯಬೇಕು. ಮೊದಲನೆಯ ಲೇಪ ಒಳಗಿನದು ಕಾಣುವಷ್ಟು ತೆಳುವಾಗಿರಬೇಕು. ಅದನ್ನು ನೆರಳಿನಲ್ಲಿ ಒಣಗಿಸಬೇಕು. ಎರಡು ದಿನಗಳ ಬಳಿಕ ಎರಡನೆಯದು. ಅದು ಒಣಗಿದ ಮೇಲೆ ದಪ್ಪನೆಯ ಮೂರನೆಯದು.

ಈ ವಿಧಿಯ ಪ್ರತಿಯೊಂದು ಅಂಶಕ್ಕೂ ಇಂದಿನ ಫೌಂಡ್ರಿಯಲ್ಲಿ ಸಮಾನವಾದ ಅಂಶವಿದೆ. ಸುಟ್ಟ ಹೊಟ್ಟಿನಲ್ಲಿ ಇಂಗಾಲವಿದೆ. ಹತ್ತಿಯ ಎಳೆ ಮಣ್ಣು ಬಿರಿಯದಂತೆ ಹಿಡಿಯುತ್ತದೆ, ಸುಟ್ಟ ಮೇಲೆ ಹಬೆಗೆ ದಾರಿಯಾಗುತ್ತದೆ. ನೆರಳಿನಲ್ಲಿ ಒಣಗಿಸಬೇಕೆಂಬ ಕಟ್ಟಳೆ ಬಿರುಕನ್ನು ತಪ್ಪಿಸುವುದಕ್ಕಾಗಿ. ಮೊದಲ ಪದರ ತೆಳುವಾಗಿ, ನುಣ್ಣಗೆ ಇರಬೇಕೆಂಬುದು ಲೇಪದ ಮೂಲತತ್ತ್ವವೇ ಆಗಿದೆ.

ಎರಡನೆಯ ಸಾಕ್ಷ್ಯ ಇಂಗ್ಲೆಂಡಿನದು. ಅದು ದೊರೆಯುವುದು ಕಳ್ಳತನವನ್ನು ತಡೆಯುವ ಶಾಸನವೊಂದರಲ್ಲಿ. ಕಂಬರ್ಲೆಂಡ್ ಸೀಮೆಯ ಬಾರೋಡೇಲ್ ಕಣಿವೆಯಲ್ಲಿ ಹದಿನಾರನೆಯ ಶತಮಾನದಲ್ಲಿ ಅತಿ ಶುದ್ಧವಾದ ಗ್ರಾಫೈಟ್ ದೊರೆಯಿತು. ಅದು ಸೀಸದ ಒಂದು ಬಗೆಯೆಂದು ಭಾವಿಸಿ ಜನ ಅದನ್ನು ಕಪ್ಪು ಸೀಸವೆಂದು ಕರೆದರು. ಅದು ಇಂಗಾಲವೆಂಬುದನ್ನು ಷೀಲೆ ಎಂಬ ರಸಾಯನಜ್ಞ ೧೭೭೯ರಲ್ಲಿ ತೋರಿಸಿದನು. ಗ್ರಾಫೈಟ್ ಎಂಬ ಹೆಸರನ್ನು ವರ್ನರ್ ೧೭೮೯ರಲ್ಲಿ ಕೊಟ್ಟನು. ಪೆನ್ಸಿಲಿನ ಚರಿತ್ರೆಯಲ್ಲಿ ಬಾರೋಡೇಲಿನ ಹೆಸರು ಪ್ರಸಿದ್ಧವಾಗಿದೆ. ಆದರೆ ಬ್ರಿಟಿಷ್ ಪಾರ್ಲಿಮೆಂಟು ೧೭೫೨ರಲ್ಲಿ ಕಪ್ಪು ಸೀಸದ ಗಣಿಗಳಿಗೆ ನುಗ್ಗಿ ಕದಿಯುವುದನ್ನು ಘೋರಾಪರಾಧವೆಂದು ಸಾರಿ ಶಾಸನ ಮಾಡಿದಾಗ, ಆ ಖನಿಜದ ಉಪಯೋಗಗಳಲ್ಲಿ ವಿಶೇಷವಾಗಿ ಎತ್ತಿಹೇಳಿದುದು ಪೆನ್ಸಿಲನ್ನಲ್ಲ. ಬಾಂಬು ಮತ್ತು ಫಿರಂಗಿಗುಂಡುಗಳ ಎರಕವನ್ನು. ಗುಂಡನ್ನು ಎರೆಯುವ ಅಚ್ಚಿನ ಒಳಮೈಗೆ ಗ್ರಾಫೈಟನ್ನು ಬಳಿಯುತ್ತಿದ್ದರು. ಮೈ ಒರಟಾದ ಗುಂಡು ಫಿರಂಗಿಯ ಕೊಳವೆಯನ್ನು ಕೆಡಿಸುತ್ತದೆ. ಗಾತ್ರದಲ್ಲಿ ಏರುಪೇರಾದುದು ಗುರಿ ತಪ್ಪುತ್ತದೆ. ಒಂದು ರಾಜ್ಯದ ಸೈನ್ಯಬಲಕ್ಕೂ ಅಚ್ಚಿನ ಒಳಗಣ ಕಪ್ಪು ಪದರಕ್ಕೂ ಇದ್ದ ಸಂಬಂಧ ಈ ಶಾಸನದಿಂದ ಸ್ಪಷ್ಟಪಡುತ್ತದೆ.

ಇದೇ ಶತಮಾನದ ಆರಂಭದಲ್ಲಿ, ೧೭೦೭ರಲ್ಲಿ, ಏಬ್ರಹಾಂ ಡಾರ್ಬಿ ಎಂಬಾತ ಹೊಟ್ಟೆಯುಬ್ಬಿದ ಕಬ್ಬಿಣದ ಪಾತ್ರೆಗಳನ್ನು ಮಣ್ಣಿನ ಅಚ್ಚಿಲ್ಲದೆ ಬರಿಯ ಮರಳಿನಲ್ಲಿ ಎರೆಯುವ ಕ್ರಮಕ್ಕೆ ಪೇಟೆಂಟ್ ಪಡೆದನು. ಎರಡು ವರ್ಷಗಳ ಬಳಿಕ ಆತ ಕೋಲ್‌ಬ್ರೂಕ್‌ಡೇಲಿನಲ್ಲಿ ಕೋಕಿನಿಂದ ಕಬ್ಬಿಣವನ್ನು ಕರಗಿಸಿದುದು ಲೋಕಪ್ರಸಿದ್ಧ ಘಟನೆ. ಚರಿತ್ರಕಾರರು ಎರಡನೆಯದನ್ನು ಹೆಚ್ಚಾಗಿ ನೆನೆಯುತ್ತಾರೆ. ಆದರೆ ತೆಳ್ಳನೆಯ, ಹಗುರವಾದ, ಅಗ್ಗದ ಪಾತ್ರೆ ಸಾಮಾನ್ಯರ ಅಡಿಗೆಮನೆಗೆ ಬಂದುದು ಮರಳಚ್ಚಿನ ಬಲದಿಂದ. ಮಣ್ಣಚ್ಚು ನಿಧಾನವಾಗಿ ಒಣಗುತ್ತಿದ್ದಿತಾದರೂ ಅದರ ಮೈ ನಯವಾಗಿರುತ್ತಿತ್ತು; ಮರಳಚ್ಚು ಬೇಗ ಸಿದ್ಧವಾಗುವುದಾದರೂ ಅದರ ಮೈ ಸ್ವಭಾವತಃ ಒರಟು. ಆದುದರಿಂದ ಮರಳೆರಕ ಹಬ್ಬಿದಂತೆಲ್ಲ ಒಳಮೈಯ ಉಪಚಾರವೂ ಮುಖ್ಯವಾಗುತ್ತ ಬಂದಿತು. ಹಸಿಯಚ್ಚಿನ ಮೇಲೆ ಬಟ್ಟೆಯ ಚೀಲದಿಂದ ಇದ್ದಿಲ ಪುಡಿಯನ್ನೋ ಗ್ರಾಫೈಟನ್ನೋ ಉದುರಿಸುವುದು, ಒಣಗಿಸಿದ ಅಚ್ಚಿಗೆ ಅದನ್ನೇ ಜೇಡಿನೀರಿನಲ್ಲಿ ಕಲಸಿ ಬಳಿಯುವುದು, ಲೋಹಕ್ಕೆ ತಾಗುವ ಮರಳಿಗೆ ಕಲ್ಲಿದ್ದಲಿನ ಪುಡಿ ಸೇರಿಸುವುದು ಇವೆಲ್ಲ ಹತ್ತೊಂಬತ್ತನೆಯ ಶತಮಾನದ ಫೌಂಡ್ರಿಗಳಲ್ಲಿ ಸಾಮಾನ್ಯವಾದುವು. ಆ ಕಾಲಕ್ಕೆ ಸಿಂಹಳದ ಗ್ರಾಫೈಟ್ ಮೂಸೆಗಳಿಗೂ ಅಚ್ಚಿನ ಲೇಪಕ್ಕೂ ದೂರದೇಶಗಳಿಗೆ ರಫ್ತಾಗತೊಡಗಿತು.

ಮೂರನೆಯ ಸಾಕ್ಷ್ಯ ಚೀನಾದ್ದು. ಮೊದಲನೆಯ ಅಫೀಮು ಯುದ್ಧದ ಸಮಯದಲ್ಲಿ, ೧೮೪೧ರ ಸುಮಾರಿಗೆ, ಜೆಜಿಯಾಂಗ್ ಪ್ರಾಂತದ ಅಧಿಕಾರಿಯಾದ ಗೋಂಗ್ ಝೆನ್‌ಲಿನ್ ಎಂಬಾತ ಫಿರಂಗಿಗಳನ್ನು ಶೀಘ್ರವಾಗಿ ಎರೆಯಬೇಕಾದ ಒತ್ತಡಕ್ಕೆ ಸಿಕ್ಕಿದನು. ಮಣ್ಣಚ್ಚು ಒಣಗಲು ದೀರ್ಘಕಾಲ ಬೇಕು. ಒಂದೇ ಬಾರಿಗೆ ಒಡೆದುಹೋಗುತ್ತದೆ. ಆತ ಕಬ್ಬಿಣದ ಅಚ್ಚನ್ನೇ ಮಾಡಿ ಮತ್ತೆ ಮತ್ತೆ ಬಳಸುವ ಉಪಾಯವನ್ನು ಕಂಡು, ಅದನ್ನು ಚಿತ್ರಸಹಿತವಾಗಿ ಪುಸ್ತಿಕೆಯಲ್ಲಿ ವಿವರಿಸಿದನು. ಕಬ್ಬಿಣದ ಅಚ್ಚಿಗೆ ಕಬ್ಬಿಣವನ್ನೇ ಹೊಯ್ದರೆ ಎರಡೂ ಬೆಸೆದುಕೊಳ್ಳಬಾರದಷ್ಟೆ? ಅದಕ್ಕೆ ಆತ ಎರಡು ಪದರಗಳ ಲೇಪವನ್ನು ವಿಧಿಸಿದನು: ಮೊದಲು ಭತ್ತದ ಹೊಟ್ಟಿನ ಬೂದಿಯನ್ನು ನಯವಾದ ಮರಳುಮಣ್ಣಿನೊಡನೆ ಕಲಸಿದ್ದು, ಅದರ ಮೇಲೆ ಅತಿ ನುಣ್ಣನೆಯ ಕಲ್ಲಿದ್ದಲಿನ ಪುಡಿಯದು. ಕಲ್ಯಾಣಕ್ಕೂ ಜೆಜಿಯಾಂಗಿಗೂ ಈ ವಿಷಯದಲ್ಲಿ ಸಂಪರ್ಕವಿದ್ದಿತೆಂದು ನಾವು ಹೇಳುತ್ತಿಲ್ಲ. ಭತ್ತ ಬೆಳೆಯುವ ಎರಡು ಸೀಮೆಗಳಲ್ಲಿ ಕೈಗೆಟುಕಿದ ಹೊಟ್ಟು ಒಂದೇ ಕೆಲಸಕ್ಕೆ ಒದಗಿತೆಂಬುದು ಮಾತ್ರ ಗಮನಾರ್ಹ.

ಒಬ್ಬ ಅರಸನ ವಿಶ್ವಕೋಶ, ಒಂದು ದಂಡಶಾಸನ, ಒಬ್ಬ ಯುದ್ಧಕಾಲದ ಅಧಿಕಾರಿಯ ಪುಸ್ತಿಕೆ: ಮೂರರಲ್ಲಿ ಒಂದನ್ನಾದರೂ ಅಚ್ಚು ಮಾಡುವವನು ಬರೆದಿಲ್ಲ. ಪೂಜೆ, ಆಸ್ತಿ, ಯುದ್ಧ ಈ ಮೂರು ಕಾರಣಗಳಿಂದ ಅಕ್ಷರಬಲ್ಲವರ ದೃಷ್ಟಿ ಆ ಕಡೆ ಹರಿದಾಗ ಮಾತ್ರ ಲೇಪದ ಮಾತು ಬರಹಕ್ಕೆ ಇಳಿದಿದೆ. ಉಳಿದೆಲ್ಲ ಕಾಲದಲ್ಲಿ ಅದು ಕೈಯಿಂದ ಕೈಗೆ ಸಾಗಿಬಂದ ವಿದ್ಯೆ.

ಇಪ್ಪತ್ತನೆಯ ಶತಮಾನದಲ್ಲಿ ಜಿರ್ಕಾನ್ ಬಳಕೆಗೆ ಬಂದುದರಲ್ಲಿಯೂ ದಕ್ಷಿಣ ಭಾರತಕ್ಕೆ ಪಾಲಿದೆ. ೧೯೦೯ರಲ್ಲಿ ಷೋಂಬರ್ಗ್ ಎಂಬ ಜರ್ಮನ್ ರಸಾಯನಜ್ಞ ತಿರುವಾಂಕೂರಿನ ಕಡಲತೀರದ ಮರಳಿನಲ್ಲಿ ಮೋನಜೈಟ್ ಇರುವುದನ್ನು ಗುರುತಿಸಿದನು. ಮಣವಾಳಕುರಿಚಿ, ಚವರಾ ಎಂಬ ಸ್ಥಳಗಳ ಆ ಮರಳಿನಲ್ಲಿ ಇಲ್ಮೆನೈಟ್ ಮೊದಲಾದುವುಗಳ ಜೊತೆಗೆ ಜಿರ್ಕಾನೂ ಇದೆ.

೫. ಬಳಿಯುವ ಕ್ರಮ

ಲೇಪದ ಗುಣ ಎಷ್ಟೇ ಉತ್ತಮವಾಗಿದ್ದರೂ ಬಳಿಯುವ ಕ್ರಮ ತಪ್ಪಿದರೆ ಫಲವಿಲ್ಲ. ಮೊದಲು ಅಚ್ಚಿನ ಬಗೆಯನ್ನು ನೋಡಬೇಕು. ಹಸಿ ಮರಳಿನ ಅಚ್ಚಿಗೆ ನೀರಿನ ಲೇಪ ಸಲ್ಲದು. ಈಗಾಗಲೇ ತೇವವಿರುವ ಮೈಗೆ ಇನ್ನಷ್ಟು ತೇವ ಸೇರಿ ಅದು ಕುಸಿಯುತ್ತದೆ, ಹಬೆಯೂ ಹೆಚ್ಚುತ್ತದೆ. ಅಲ್ಲಿ ಒಣಪುಡಿಯನ್ನು ಉದುರಿಸುವುದೇ ಯುಕ್ತ. ಒಣಗಿಸಿದ ಅಚ್ಚು, ರಾಳದಿಂದ ಗಟ್ಟಿಮಾಡಿದ ಅಚ್ಚು, ಕೋರ್ ಇವುಗಳಿಗೆ ದ್ರವಲೇಪ ಸಲ್ಲುತ್ತದೆ. ಸೋಡಿಯಂ ಸಿಲಿಕೇಟಿನಿಂದ ಗಟ್ಟಿಮಾಡಿದ ಅಚ್ಚು ನೀರಿನಿಂದ ದುರ್ಬಲವಾಗುವುದರಿಂದ ಅದಕ್ಕೆ ಸ್ಪಿರಿಟ್ಟಿನ ಲೇಪವೇ ಮೇಲು.

ಲೇಪವನ್ನು ಬಳಸುವ ಮೊದಲು ತಳದಿಂದ ಚೆನ್ನಾಗಿ ಕಲಕಬೇಕು. ಭಾರವಾದ ಪುಡಿ ಕೆಳಗಿಳಿಯುವುದು ಸಹಜ; ಜಿರ್ಕಾನಿನ ಸಾಂದ್ರತೆ ನೀರಿನ ನಾಲ್ಕೂವರೆ ಪಟ್ಟಿಗಿಂತ ಹೆಚ್ಚು. ಕಲಕದೆ ಮೇಲಿನದನ್ನು ಬಳಿದರೆ ಬಣ್ಣದ ನೀರನ್ನು ಬಳಿದಂತೆಯೇ ಸರಿ. ಲೇಪದ ಹದವನ್ನು ಅಳೆಯಲು ಬೋಮೆ ಮಾಪಕವೆಂಬ, ದ್ರವದಲ್ಲಿ ತೇಲುವ ಗಾಜಿನ ಉಪಕರಣವಿದೆ. ಒಂದೇ ಕೆಲಸಕ್ಕೆ ನಿತ್ಯವೂ ಒಂದೇ ಅಂಕ ಬರುವಂತೆ ನೋಡಿಕೊಂಡರೆ ಇಂದಿನ ಎರಕಕ್ಕೂ ನಾಳಿನ ಎರಕಕ್ಕೂ ವ್ಯತ್ಯಾಸ ಬರುವುದಿಲ್ಲ. ನುರಿತ ಹಿರಿಯರು ಕುಂಚದಿಂದ ತೊಟ್ಟಿಕ್ಕುವ ಪರಿಯನ್ನು ಕಂಡೇ ಹದ ಹೇಳಬಲ್ಲರು. ಆದರೆ ಅವರು ಕೆಲಸಕ್ಕೆ ಬಾರದ ದಿನ ಮಾಪಕವೇ ಗತಿ.

ಬಳಿಯುವುದು ಕುಂಚದಿಂದಾಗಬಹುದು, ಸಿಂಪಡಿಸುವ ಯಂತ್ರದಿಂದಾಗಬಹುದು; ಸಣ್ಣ ಕೋರನ್ನು ಲೇಪದಲ್ಲಿ ಅದ್ದಿ ತೆಗೆಯಬಹುದು; ದೊಡ್ಡ ಅಚ್ಚನ್ನು ಓರೆಯಾಗಿ ನಿಲ್ಲಿಸಿ ಮೇಲಿನಿಂದ ಲೇಪವನ್ನು ಹರಿಯಬಿಡಬಹುದು. ಕುಂಚದಲ್ಲಾದರೆ ಮೊದಲನೆಯ ಕೈ ತೆಳುವಾಗಿರಬೇಕು; ಅದು ಕಣಗಳ ನಡುವಿನ ಸಂದುಗಳಿಗೆ ಇಳಿದು ಬೇರೂರುತ್ತದೆ. ಎರಡನೆಯ ಕೈ ಸ್ವಲ್ಪ ಮಂದವಾಗಿದ್ದು ಮೈಯನ್ನು ಮುಚ್ಚುತ್ತದೆ. ಬರಿಯ ಮೇಲ್ಪದರವಾಗಿ ನಿಂತ ಲೇಪ ಲೋಹದ ಬಿಸಿಗೆ ಸಿಪ್ಪೆಯಂತೆ ಏಳುತ್ತದೆ. ಬೇರೂರಿದ ಲೇಪ ಏಳುವುದಿಲ್ಲ. ಮೂಲೆಗಳಲ್ಲಿ ಲೇಪ ಮಡುಗಟ್ಟದಂತೆ ನೋಡಬೇಕು. ಏಕೆಂದರೆ ದಪ್ಪವಾದೆಡೆ ಅದು ಒಣಗುವುದಿಲ್ಲ, ಬಿರಿಯುತ್ತದೆ, ವಸ್ತುವಿನ ಅಳತೆಯನ್ನೂ ಕೆಡಿಸುತ್ತದೆ. ಕೋರು ಅಚ್ಚಿನಲ್ಲಿ ಕೂರುವ ತುದಿಗಳಿಗೂ ಹಬೆ ಹೋಗುವ ರಂಧ್ರಗಳಿಗೂ ಲೇಪ ತಾಗಬಾರದು. ಅವು ಮುಚ್ಚಿಹೋದರೆ ಹಬೆಗೆ ದಾರಿಯಿಲ್ಲದೆ ಅದು ಲೋಹದೊಳಕ್ಕೇ ನುಗ್ಗುತ್ತದೆ.

ಒಣಗಿಸುವುದು ಎಲ್ಲಕ್ಕಿಂತ ಮುಖ್ಯವಾದುದು. ಮುಟ್ಟಿದರೆ ಕೈಗೆ ಹತ್ತದಿರುವುದಷ್ಟೇ ಒಣಗಿದ ಲಕ್ಷಣವಲ್ಲ. ಲೇಪದ ಹಿಂದಣ ಮರಳಿಗೆ ಇಳಿದ ನೀರೂ ಆರಬೇಕು. ಉಳಿದ ತೇವ ಲೋಹ ತಾಗಿದ ಕ್ಷಣದಲ್ಲಿ ಹಬೆಯಾಗಿ ಎರಕದಲ್ಲಿ ಗಾಳಿಗುಳ್ಳೆಗಳನ್ನು ಮಾಡುತ್ತದೆ. ಹಬೆ ಹೆಚ್ಚಾದರೆ ಲೋಹವೇ ಅಚ್ಚಿನಿಂದ ಹೊರಕ್ಕೆ ಚಿಮ್ಮಿ ಪ್ರಾಣಾಪಾಯವಾಗುವುದೂ ಉಂಟು. ಒಣಗಿಸಿದ ಅಚ್ಚನ್ನು ಬಹುಕಾಲ ಹಾಗೆಯೇ ಇಟ್ಟರೆ ಅದು ಗಾಳಿಯ ತೇವವನ್ನು ಮತ್ತೆ ಹೀರುತ್ತದೆ. ಮಳೆಗಾಲದಲ್ಲಿ ಇದನ್ನು ಮರೆಯುವಂತಿಲ್ಲ.

೬. ಲೇಪದ ಮಿತಿ ಮತ್ತು ಕೆಲಸಗಾರನ ಉಸಿರು

ಲೇಪವು ಅಚ್ಚಿನ ತಪ್ಪುಗಳಿಗೆಲ್ಲ ಮದ್ದಲ್ಲ. ಸಡಿಲವಾಗಿ ಬಡಿದ ಮರಳು ಲೇಪದ ಹಿಂದೆಯೂ ಸಡಿಲವೇ. ಲೋಹದ ಒತ್ತಡಕ್ಕೆ ಅದು ಲೇಪಸಹಿತವಾಗಿ ಜಗ್ಗುತ್ತದೆ. ಅತಿ ಬಿಸಿಯಾದ ಲೋಹ, ಕೆಟ್ಟ ಮರಳು, ತಪ್ಪಾದ ದಾರಿ ಇವುಗಳಿಗೆ ಪರಿಹಾರ ಬೇರೆಡೆ ಹುಡುಕಬೇಕು. ಲೇಪವು ಲೋಹದ ಗುಣವನ್ನೇ ಬದಲಿಸುವ ಸಂದರ್ಭಗಳೂ ಇವೆ: ಟೆಲ್ಲೂರಿಯಂ ಸೇರಿದ ಲೇಪವನ್ನು ಬಳಿದ ಕಡೆ ಬೀಡು ಕಬ್ಬಿಣ ಬಿಳಿಯಾಗಿ ಗಡಸಾಗುತ್ತದೆ. ಇದನ್ನು ಬೇಕೆಂದೇ ಬಳಸುವುದುಂಟು. ಅರಿಯದೆ ಬಳಸಿದರೆ ಅನರ್ಥ.

ಇನ್ನೊಂದು ವಿಷಯವನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ಎರಕದ ಮೈಗೆ ಬೆಸೆದುಕೊಂಡ ಮರಳನ್ನು ಯಾರಾದರೂ ತೆಗೆಯಲೇಬೇಕು. ಆ ಕೆಲಸ ಫೌಂಡ್ರಿಯ ಕಟ್ಟಕಡೆಯ ಮೂಲೆಯಲ್ಲಿ, ಉಳಿ ಸುತ್ತಿಗೆಗಳಿಂದಲೂ ಉಜ್ಜುವ ಚಕ್ರದಿಂದಲೂ ನಡೆಯುತ್ತದೆ. ಆಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕ ಕಣಗಳಿರುತ್ತವೆ. ಅವು ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲಿ ಕಲೆಗಟ್ಟಿ, ವರ್ಷಗಳು ಕಳೆದಂತೆ ಉಸಿರನ್ನೇ ಕುಗ್ಗಿಸುತ್ತವೆ. ಇದೇ ಸಿಲಿಕೋಸಿಸ್ ಎಂಬ ರೋಗ. ಒಮ್ಮೆ ತಗುಲಿದರೆ ಇದಕ್ಕೆ ಗುಣವಿಲ್ಲ. ಬ್ರಿಟನ್ನಿನಲ್ಲಿ ೧೯೫೦ರ ನಿಯಮಗಳು ಅಚ್ಚನ್ನು ಬಿಡಿಸಲು ಉದುರಿಸುವ ಪುಡಿಗಳಲ್ಲಿ ಸಿಲಿಕವನ್ನು ನಿರ್ಬಂಧಿಸಿದುವು. ಭಾರತದ ೧೯೪೮ರ ಕಾರ್ಖಾನೆಗಳ ಅಧಿನಿಯಮವು ಸಿಲಿಕೋಸಿಸನ್ನು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತು.

ಸರಿಯಾಗಿ ಬಳಿದ ಲೇಪದಿಂದ ಮರಳು ಎರಕದ ಮೈಬಿಟ್ಟು ತಾನೇ ಉದುರುತ್ತದೆ. ಕೆತ್ತುವ ಕೆಲಸ ಕಡಿಮೆಯಾದಷ್ಟೂ ಧೂಳು ಕಡಿಮೆ. ಎಂದರೆ ಅಚ್ಚು ಮಾಡುವವನು ಕುಂಚ ಹಿಡಿದು ಕಳೆದ ಕಾಲುಗಂಟೆ, ಶುಚಿಮಾಡುವವನ ಹಲವು ಗಂಟೆಗಳನ್ನು ಉಳಿಸುತ್ತದೆ; ಅವನ ಆಯುಷ್ಯವನ್ನೂ ಕಾಯುತ್ತದೆ. ಅಗ್ಗವೆಂದು ಸಿಲಿಕದ ಪುಡಿಯನ್ನೇ ಲೇಪಕ್ಕೆ ಬಳಸಿದರೆ ಈ ಲಾಭ ಬಹುಪಾಲು ವ್ಯರ್ಥ. ಒಣಪುಡಿಯನ್ನು ಕಲಸುವಾಗಲೇ ಅದೇ ಧೂಳು ಏಳುತ್ತದೆ. ಲೇಪದ ಬೆಲೆಯನ್ನು ಎಣಿಸುವ ಫೌಂಡ್ರಿಯ ಯಜಮಾನರು ಮೈ ನಯವಾದ ಎರಕಕ್ಕೆ ಬರುವ ಬೆಲೆಯನ್ನು ಮಾತ್ರವಲ್ಲದೆ ಈ ಉಳಿತಾಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

೭. ಉಪಸಂಹಾರ

ಮೇಲಿನ ವಿವೇಚನೆಯಿಂದ ಚರಿತ್ರೆಯ ವಿದ್ಯಾರ್ಥಿಗೆ ಎರಡು ಪ್ರಯೋಜನಗಳುಂಟೆಂದು ನಾವು ಭಾವಿಸುತ್ತೇವೆ. ಹಳೆಯ ಗಂಟೆ, ಫಿರಂಗಿ, ಪಾತ್ರೆ, ಕಂಬ ಇವುಗಳ ಎದುರು ನಿಂತಾಗ ಅವುಗಳ ಶಾಸನವನ್ನೂ ಅಲಂಕಾರವನ್ನೂ ನೋಡುವಂತೆಯೇ ಮೈಯನ್ನೂ ನೋಡುವುದು ಯುಕ್ತ. ಮರಳಿನ ಕಣದ ಗುರುತು, ನರದಂತಹ ಗೆರೆ, ಬೆಸೆದುಕೊಂಡ ಮರಳಿನ ಚುಕ್ಕೆ, ಕೆತ್ತಿ ಉಜ್ಜಿದ ಜಾಡು ಇವು ಕಳೆದುಹೋದ ಅಚ್ಚನ್ನು ಕುರಿತು ಉಳಿದಿರುವ ದಾಖಲೆಗಳು. ಇ್ನನೆರಡನೆಯದಾಗಿ, ಈ ವಿದ್ಯೆಯ ಅಲಿಖಿತ ಭಾಗವನ್ನು ಬರಹಕ್ಕೆ ಇಳಿಸುವ ಕೆಲಸ ನಮ್ಮ ಮುಂದಿದೆ. ಭದ್ರಾವತಿಯಲ್ಲಿ ೧೯೨೩ರಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾದ ಚರಿತ್ರೆಯನ್ನು ಬರೆಯುವಾಗ ದಿವಾನರ ಟಿಪ್ಪಣಿಗಳೂ ಆಯವ್ಯಯದ ಪಟ್ಟಿಗಳೂ ಆಧಾರವಾಗಿ ದೊರೆಯುತ್ತವೆ. ಅಲ್ಲಿ ಅಚ್ಚಿಗೆ ಏನನ್ನು, ಯಾವ ಹದದಲ್ಲಿ ಬಳಿಯುತ್ತಿದ್ದರೆಂಬುದು ಕೆಲಸಗಾರರ ಮನೆತನಗಳ ನೆನಪಿನಲ್ಲಿ ಹುಡುಕಬೇಕಾದ ಸಂಗತಿ. ಎರಕದ ಉದ್ಯಮ ಇಂದಿಗೂ ನೆಲೆಯಾಗಿರುವ ಬೆಳಗಾವಿ, ಶಿವಮೊಗ್ಗಗಳಲ್ಲಿ ಕೈಯಿಂದ ಹದ ಬಲ್ಲ ಹಿರಿಯರಿದ್ದಾರೆ. ಅವರ ಪರಿಭಾಷೆಯನ್ನೂ ಮಿಶ್ರಣಗಳನ್ನೂ, ಶುಚಿಮಾಡುವ ಮೂಲೆಯಲ್ಲಿ ಕುಳಿತವರ ಅನುಭವವನ್ನೂ ಸಂಗ್ರಹಿಸುವುದು ನಮ್ಮ ಸಂಶೋಧನ ವಿದ್ಯಾರ್ಥಿಗಳಿಗೆ ಯೋಗ್ಯವಾದ ವಿಷಯ. ಲೇಪವು ಎರಕದೊಡನೆ ಸುಟ್ಟುಹೋಗುವುದು ಅದರ ಸ್ವಭಾವ. ಅದನ್ನು ಬಲ್ಲವರ ತಿಳಿವಳಿಕೆಯೂ ಹಾಗೆಯೇ ಹೋಗಬೇಕಾದ ಕಾರಣವಿಲ್ಲ.